ಇಳಿಯುವುದೂ ಧಮ್ಮವೇ


*ದಿನದ ಧಮ್ಮ ಚಿಂತನೆ*

ಪ್ರೀತಿಯ ಧಮ್ಮ ಬಂಧುಗಳೇ,

ಇವತ್ತು ಚಿಂತನೆ ಬರೆಯುವ ಸರದಿ ನನ್ನದು. ಪ್ರತಿ ಸಲದಂತೆ ಒಂದು ಸುತ್ತವನ್ನು ಎತ್ತಿಕೊಂಡು ಅದರ ಅರ್ಥ ಬಿಡಿಸೋಣ ಎಂದುಕೊಂಡಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮಲ್ಲಿ ಹೆಚ್ಚಿನವರು ಕಣ್ಣಾರೆ ನೋಡಿದ್ದೀರಿ. ಹಿರಿಯ ಮನುಷ್ಯ, ಬೇಸರಪಟ್ಟುಕೊಂಡಾನು ಎಂದು ಯಾರೂ ನನ್ನೆದುರು ಅದರ ಮಾತು ತೆಗೆದಿಲ್ಲ. ಹಾಗಾಗಿ ನಾನೇ ತೆಗೆಯುತ್ತೇನೆ. ಕೇಳಲು ಬಹಳ ಸಣ್ಣ ವಿಷಯ. ವಯಸ್ಸಾದ ಮೇಲೆ ಭಾರದ ಮೋಟಾರ್ ಸೈಕಲ್ ಹತ್ತುವುದು ಮತ್ತು ಇಳಿಯುವುದು.

*ನಡೆದದ್ದು*

ನನಗೆ ಈಗ 66 ವರ್ಷ. ಅಂಕೋಲಾದಿಂದ ಕಾರವಾರದ ನಮ್ಮ ಭಾನುವಾರದ ಅಧ್ಯಯನ ಸಭೆಗೆ ಸುಮಾರು 35 ಕಿಲೋಮೀಟರ್. ಅವರ್ಸಾ, ಅಮದಳ್ಳಿ, ಬಿಣಗಾ ದಾಟಿ ಗಾಡಿಯಲ್ಲೇ ಬರುವುದು ನನ್ನ ರೂಢಿ. ಎಲ್ಲರೂ ಬುಲೆಟ್ ಎಂದೇ ಕರೆಯುತ್ತಾರೆ, ಆದರೆ ಅದು ನಿವೃತ್ತಿಯ ನಂತರ ಕೊಂಡ ಕ್ಲಾಸಿಕ್ 350. ಬರೀ ಗಾಡಿಯ ತೂಕವೇ 195 ಕಿಲೋ, ಸೀಟಿನ ಎತ್ತರ 805 ಮಿಲಿಮೀಟರ್. ಅದರ ಹಿಂದೆ ಕ್ಯಾರಿಯರ್ ಹಾಕಿಸಿ, ಮೇಲೊಂದು ಪೆಟ್ಟಿಗೆ, ಎರಡೂ ಬದಿಗೆ ಚೀಲ ಕಟ್ಟಿದ್ದೇನೆ. ಅದೇ ಗಾಡಿಯಲ್ಲಿ ಅರಬೈಲ್ ಘಟ್ಟ ಹತ್ತಿ ಎರಡು ಸಲ ನಾಗಪುರದ ದೀಕ್ಷಾಭೂಮಿಗೆ ಹೋಗಿ ಬಂದಿದ್ದೇನೆ. ನಿಮಗೆಲ್ಲ ಆ ಕತೆ ಹೇಳಿ ಹೇಳಿ ಬೇಸರ ಬರಿಸಿದವನೂ ನಾನೇ.

ಕಳೆದ ಬೇಸಿಗೆಯಿಂದಲೇ ಬಲಗಡೆಯ ಸೊಂಟ ಹಿಡಿದುಕೊಳ್ಳುತ್ತಿತ್ತು. ಕಾಲು ಎತ್ತಿ ಸೀಟು ದಾಟಿಸುವಾಗ ಅರ್ಧಕ್ಕೇ ನಿಲ್ಲುತ್ತಿತ್ತು. ಹತ್ತುವಾಗ ಹೇಗೋ ನಡೆಯುತ್ತಿತ್ತು. ಗಂಟೆಗಟ್ಟಲೆ ಕೂತು ಕಾಲು ಸೆಟೆದ ಮೇಲೆ ಇಳಿಯುವುದೇ ಕಷ್ಟ. ಹೆಂಡತಿ ಎರಡು ಮೂರು ಸಲ ಕೇಳಿದಳು. "ಏನಿಲ್ಲ, ಗಾಳಿ ಹಿಡಿದಿದೆ" ಎಂದೆ. ಮೂರು ತಿಂಗಳು ಅದೇ ಉತ್ತರ.

ಆ ಭಾನುವಾರ ಅವಳೂ ಹಿಂದೆ ಕೂತಿದ್ದಳು. ಮಳೆ ನಿಂತು ಅರ್ಧ ಗಂಟೆ ಆಗಿರಬೇಕು. ಸಭೆಯ ಜಾಗದ ಎದುರಿನ ಕೆಂಪು ಮಣ್ಣು ಮೆತ್ತಗಾಗಿತ್ತು. ಯಾವಾಗಲೂ ಅವಳು ಮೊದಲು ಇಳಿಯುತ್ತಾಳೆ, ಆಮೇಲೆ ನಾನು. ಅವತ್ತು ತಡವಾಗಿತ್ತು, ಬಾಗಿಲಲ್ಲಿ ನೀವೆಲ್ಲ ನಿಂತು ನೋಡುತ್ತಿದ್ದಿರಿ. ಅವಳು, "ನಿಲ್ಲಿ, ನಾ ಮೊದ್ಲು ಇಳೀತೆ" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಸೈಡ್ ಸ್ಟ್ಯಾಂಡ್ ಹಾಕಿ, ಹಿಂದೆ ಅವಳಿರುವುದರಿಂದ ಕಾಲನ್ನು ಟ್ಯಾಂಕಿನ ಮೇಲಿಂದ ತರಲು ಹೋದೆ. ಸೊಂಟ ಹಿಡಿಯಿತು. ಬೂಟು ಟ್ಯಾಂಕಿಗೆ ಸಿಕ್ಕಿತು. ಸ್ಟ್ಯಾಂಡು ಮಣ್ಣಿನಲ್ಲಿ ಇಳಿಯಿತು. ಗಾಡಿ ಎಡಕ್ಕೆ ವಾಲಿ, ನಾನು, ಅವಳು, ಪೆಟ್ಟಿಗೆ, ಎಲ್ಲ ನೆಲಕ್ಕೆ.

ನನಗೆ ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳ ಎಡಗಾಲು ಗಾಡಿಯ ಕೆಳಗೆ ಸಿಕ್ಕಿತ್ತು. ಪಾದದ ಕೀಲು ಉಳುಕಿ ಆರು ವಾರ ನೆಲಕ್ಕೆ ಕಾಲೂರಲಿಲ್ಲ. ಎತ್ತಲು ಓಡಿಬಂದ ಹುಡುಗನಿಗೆ ನಾನು ಹೇಳಿದ ಮಾತೇನು ಗೊತ್ತೇ? "ಬಿಡೋ, ನನಗೆ ಆಗ್ತದೆ!" ಅವಳಿನ್ನೂ ಗಾಡಿಯ ಕೆಳಗೇ ಇದ್ದಳು. ನನಗೆ ಕಂಡದ್ದು ನಾನು ಬಿದ್ದದ್ದು ಮಾತ್ರ.

ರಾತ್ರಿ ಮನೆಯಲ್ಲಿ ಅವಳು ಬಯ್ಯಲಿಲ್ಲ. ಒಂದೇ ಮಾತು ಹೇಳಿದಳು: "ಬಿದ್ದದ್ದಕ್ಕೆ ನಂಗೆ ಬೇಜಾರಿಲ್ಲ. ಮೂರು ತಿಂಗಳು ನೋವು ಇದ್ದೂ ಇಲ್ಲ ಅಂದ್ರಲ್ಲ, ಅದಕ್ಕೆ ಬೇಜಾರು."

ಪ್ರತಿ ಭಾನುವಾರ ನಿಮ್ಮೆದುರು ನಿಂತು ಪಂಚಶೀಲ ಹೇಳಿಸುವವನು ನಾನು. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲವನ್ನು ಮನೆಯಲ್ಲೇ ಮುರಿದಿದ್ದೆ. ಇನ್ನೊಬ್ಬರಿಗೆ ನೋವು ಮಾಡುವುದಿಲ್ಲ ಎಂಬ ಮೊದಲನೆಯದೂ ಅದರ ಹಿಂದೆಯೇ ಮುರಿಯಿತು.

*ಇಳಿ ಎಂಬ ಮಾತು*

ಒಂದು ಗಾಡಿಯಿಂದ ನಿಧಾನವಾಗಿ ಇಳಿಯಲು ನನಗೇಕೆ ಅಷ್ಟು ನಾಚಿಕೆ? ಆರು ವಾರ ಅವಳಿಗೆ ಅನ್ನ ಬಡಿಸುತ್ತಾ ಇದನ್ನೇ ಯೋಚಿಸಿದೆ.

ನನ್ನ ಅಪ್ಪ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಕೂಲಿ ಮಾಡುತ್ತಿದ್ದ. ಅವನ ಹತ್ತಿರ ಒಂದು ಹಳೆಯ ಸೈಕಲ್ ಇತ್ತು. ನಮ್ಮ ಕೇರಿಯಿಂದ ಹೊರಡುವ ದಾರಿ ಒಂದು ದೊಡ್ಡ ಮನೆಯ ಅಂಗಳದ ಎದುರೇ ಹೋಗುತ್ತಿತ್ತು. ಅಲ್ಲಿ ಬಂದ ಕೂಡಲೇ ಅಪ್ಪ ಸೈಕಲ್ ಇಳಿದು, ತಲೆಯ ಬಟ್ಟೆ ತೆಗೆದು, ತಳ್ಳಿಕೊಂಡು ಹೋಗಿ, ತಿರುವು ದಾಟಿದ ಮೇಲೆ ಹತ್ತುತ್ತಿದ್ದ. ಆ ಮನೆಯ ಹಿರಿಯರು ಸತ್ತು, ಮಕ್ಕಳು ಊರು ಬಿಟ್ಟು, ಜಗಲಿಯಲ್ಲಿ ಕೂರುವವರೇ ಇಲ್ಲದಿದ್ದಾಗಲೂ ಇಳಿಯುತ್ತಿದ್ದ. ಹೇಳುವವರು ಹೋದರೂ ಮಾತು ಕಾಲಿನಲ್ಲಿ ಉಳಿದಿತ್ತು.

ನನಗೆ ನೌಕರಿ ಸಿಕ್ಕು, 1989ರಲ್ಲಿ ಸಾಲ ಮಾಡಿ ಮೊದಲ ಬುಲೆಟ್ ತಂದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದ ಹಳೆಯ ಗಾಡಿ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಅದೇ ದಾರಿಯಲ್ಲಿ ಹೊರಟೆ. ಆ ಮನೆ ಹತ್ತಿರ ಬಂದಾಗ ಅವನ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯಿತು. ಕಿವಿಯಲ್ಲಿ, "ಇಳೀಬೇಡ" ಎಂದ. ಇಳಿಯಲಿಲ್ಲ.

ನಿಮ್ಮ ಮನೆಗಳಲ್ಲೂ ಇಂಥ ಕತೆಗಳಿವೆ. ನಮ್ಮವರಿಗೆ ವಾಹನ ಬರೀ ವಾಹನವಲ್ಲ. ಮದುವೆಯ ದಿನ ಕುದುರೆ ಹತ್ತಿದ ನಮ್ಮ ಹುಡುಗರಿಗೆ ಕಲ್ಲು ಬೀಳುವ ಸುದ್ದಿಯನ್ನು ಈಗಲೂ ಪತ್ರಿಕೆಯಲ್ಲಿ ಓದುತ್ತೇವೆ. ಹಾಗಾಗಿ ಇಳಿಯುವುದು ಎಂದರೆ ನಮ್ಮ ಮೈಗೆ ಸೋಲು ಎಂದೇ ಅರ್ಥ. ನನ್ನ ಸೊಂಟ "ನಿಧಾನ ಇಳಿ" ಎಂದಾಗ ನನಗೆ ಕೇಳಿಸಿದ್ದು ಆ ಅಂಗಳದ ಧ್ವನಿ. ತಪ್ಪಾದದ್ದು ಅಲ್ಲಿ. ನನ್ನ ದೇಹದ ಮಾತನ್ನು ನಾನು ಜಾತಿಯ ಮಾತು ಎಂದುಕೊಂಡೆ.

*ಚಾಳೀಸಗಾಂವದ ಟಾಂಗಾ*

ಈ ಗೊಂದಲವನ್ನು ಬಾಬಾಸಾಹೇಬರು ನಮಗಿಂತ ಮೊದಲೇ ಕಂಡಿದ್ದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರ ಪುಟ್ಟ ಬರಹದಲ್ಲಿ 1929ರ ಒಂದು ಘಟನೆ ಇದೆ. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಅವರು ಸದಸ್ಯರು. ಆಗ ನಮ್ಮ ಕಾರವಾರ, ಅಂಕೋಲಾ ಕೂಡ ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಚಾಳೀಸಗಾಂವ ನಿಲ್ದಾಣದಲ್ಲಿ ಅವರು ಇಳಿದಾಗ ಅಲ್ಲಿನ ನಮ್ಮ ಜನ ತಮ್ಮ ಕೇರಿಗೆ ಕರೆದರು. ಬಾಡಿಗೆ ಟಾಂಗಾದವನು ಅಸ್ಪೃಶ್ಯರ ಗಾಡಿ ಓಡಿಸುವುದಿಲ್ಲ ಎಂದ. ಅತಿಥಿ ನಡೆದು ಬರುವುದು ಅವರ ಗೌರವಕ್ಕೆ ಕುಂದು ಎಂದು ನಮ್ಮವರಿಗೆ ಅನ್ನಿಸಿತು. ಟಾಂಗಾವನ್ನಷ್ಟೇ ಬಾಡಿಗೆಗೆ ತಂದು, ಓಡಿಸಿ ಗೊತ್ತಿಲ್ಲದ ತಮ್ಮವನೊಬ್ಬನನ್ನು ಕೂರಿಸಿದರು. ಹಳ್ಳದ ಕಿರುಸೇತುವೆಯ ಕಲ್ಲುಗಳ ನಡುವೆ ಚಕ್ರ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು. ಕಾಲಿನ ಮೂಳೆ ಮುರಿಯಿತು.

ಮೇಲು ಕೀಳಿನ ಆ ಸೊಕ್ಕನ್ನು ಅವರು ಬಿಡಿಸಿ ತೋರಿಸುತ್ತಾರೆ. ಮೂಲ ತಪ್ಪು ಅಲ್ಲಿಯದೇ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ತಮ್ಮ ಗೌರವ ಉಳಿಸಲು ಹೋದ ನಮ್ಮವರು ತಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡಿದರು, ಕೂತವನ ಕ್ಷೇಮ ಅವನ ಘನತೆಗಿಂತ ದೊಡ್ಡದು ಎಂಬುದನ್ನು ಮರೆತರು ಎಂಬ ಅರ್ಥದ ಮಾತನ್ನೂ ಬರೆದಿದ್ದಾರೆ. ಅವರ ಪ್ರೀತಿಯನ್ನು ಅನುಮಾನಿಸದೆ ಬರೆದಿದ್ದಾರೆ.

ಬಂಧುಗಳೇ, ಇದನ್ನು ನಾನು ಎಷ್ಟೋ ಸಲ ಓದಿದ್ದೆ. ಆ ಟಾಂಗಾವನ್ನೇ ನಾನು ಓಡಿಸುತ್ತಿದ್ದೇನೆ ಎಂದು ಹೊಳೆದಿರಲಿಲ್ಲ. ಗೌರವ ನನ್ನದು. ಕಾಲು ಹೆಂಡತಿಯದು.

*ಹಳೆಯ ಬಂಡಿ*

ವೃದ್ಧನನ್ನು, ರೋಗಿಯನ್ನು, ಶವವನ್ನು 29ನೆಯ ವಯಸ್ಸಿನಲ್ಲಿ ಮೊದಲ ಸಲ ನೋಡಿ ಸಿದ್ಧಾರ್ಥ ಮನೆ ಬಿಟ್ಟ ಎಂಬ ಕತೆಯನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒಪ್ಪುವುದಿಲ್ಲ. ದಿನಾ ನಡೆಯುವ ಸಂಗತಿಗಳನ್ನು ಅಷ್ಟು ವರ್ಷ ಒಬ್ಬ ನೋಡದೇ ಇರುವುದು ಹೇಗೆ ಎಂಬುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆ. ಆದರೆ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಮುದುಕರನ್ನು ನಾನೂ ದಿನಾ ನೋಡಿದ್ದೆ. ನನ್ನ ಬೂಟಿನೊಳಗಿನ ಮುದುಕನನ್ನು ಮಾತ್ರ 66 ವರ್ಷವಾದರೂ ನೋಡಿರಲಿಲ್ಲ.

ಬುದ್ಧ ಇದಕ್ಕೆ ಮದ ಎಂದು ಹೆಸರಿಟ್ಟರು. ಯೌವನದ ಮದ, ಆರೋಗ್ಯದ ಮದ, ಜೀವಿತದ ಮದ, ಹೀಗೆ ಮೂರು. 22 ಪ್ರತಿಜ್ಞೆ ತೆಗೆದುಕೊಂಡ ನಾವು ಹೆಂಡ ಮುಟ್ಟುವುದಿಲ್ಲ. ಈ ಮೂರು ಮದಗಳಿಗೆ ಬಾಟಲಿ ಬೇಡ. ನಿನ್ನೆ ಆಯಿತು, ಆದ್ದರಿಂದ ಇವತ್ತೂ ಆಗುತ್ತದೆ ಎನ್ನುವುದೇ ಅವುಗಳ ಅಮಲು. ನಮ್ಮ ಕಣ್ಣೆದುರಿಗೇ ಕಾಳಿ ನದಿಯ ಹಳೆಯ ಸೇತುವೆ ನಾಲ್ಕು ದಶಕ ಲಾರಿಗಳನ್ನು ಹೊತ್ತಿತು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಹಿಂದಿನ ಸಂಜೆಯೂ ಜನ ಅದನ್ನು ದಾಟಿದ್ದರು.

ಬುದ್ಧರ ಕೊನೆಯ ಪ್ರಯಾಣ ನೆನಪಿಸಿಕೊಳ್ಳಿ. ಎಂಬತ್ತು ವರ್ಷ. ರಾಜಗೃಹದಿಂದ ಕುಸಿನಾರದವರೆಗೆ ಕಾಲುನಡಿಗೆ. ತಮ್ಮ ದೇಹವನ್ನು ಅವರು ಹಗ್ಗ ಪಟ್ಟಿ ಕಟ್ಟಿ ಹೇಗೋ ನಡೆಸಿಕೊಂಡು ಹೋಗುವ ಹಳೆಯ ಬಂಡಿಗೆ ಹೋಲಿಸಿದರು. ದಾರಿಯಲ್ಲಿ ಒಂದು ಮರದ ಬುಡದಲ್ಲಿ ನಿಂತು, ದಣಿದಿದ್ದೇನೆ, ಚೀವರವನ್ನು ನಾಲ್ಕು ಮಡಿಕೆ ಮಾಡಿ ಹಾಸು, ಕೂರುತ್ತೇನೆ, ಕುಡಿಯಲು ನೀರು ತಾ ಎಂದು ಆನಂದನನ್ನು ಕೇಳಿದರು. ಇಷ್ಟು ದೊಡ್ಡ ಸಂಘದ ಗುರು ದಣಿದಿದ್ದೇನೆ ಎಂದರು. ಅವರ ಗೌರವ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ.

ಇನ್ನೊಂದು ಸಂಜೆಯ ಚಿತ್ರ. ಶ್ರಾವಸ್ತಿಯಲ್ಲಿ ಬುದ್ಧರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಕೈಕಾಲು ತಿಕ್ಕುತ್ತಿದ್ದ ಆನಂದ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ: ಚರ್ಮದ ಕಾಂತಿ ಮೊದಲಿನಂತಿಲ್ಲ, ಮೈ ಸುಕ್ಕುಗಟ್ಟಿದೆ, ದೇಹ ಮುಂದಕ್ಕೆ ಬಾಗಿದೆ. ಬುದ್ಧರು ಕೋಪಿಸಿಕೊಳ್ಳಲಿಲ್ಲ. ಹೌದು, ಹಾಗೆಯೇ, ಯೌವನದೊಳಗೇ ಮುಪ್ಪು ಇದೆ ಎಂದರು.

ನಮ್ಮ ಬಾಬಾಸಾಹೇಬರು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಎದುರು ಅವರು ಕೈಯಲ್ಲಿ ಕೋಲು ಹಿಡಿದು, ನಾನಕಚಂದ್ ರತ್ತು ಅವರ ಹೆಗಲ ಆಸರೆಯಲ್ಲಿ ವೇದಿಕೆಗೆ ಬಂದರು. ಜೀವಮಾನವಿಡೀ ಯಾರ ಎದುರೂ ತಲೆ ಬಾಗಿಸದವರು ಒಬ್ಬರ ಹೆಗಲ ಮೇಲೆ ಕೈಯಿಡಲು ಹಿಂಜರಿಯಲಿಲ್ಲ. ಒತ್ತಾಯಕ್ಕೆ ಬಾಗುವುದು ಬೇರೆ, ಆಸರೆ ಪಡೆಯುವುದು ಬೇರೆ. ಅಪ್ಪನನ್ನು ಇಳಿಸಿದ್ದು ಭಯ. ನನ್ನನ್ನು ಇಳಿಸಬೇಕಾದದ್ದು ಅರಿವು. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಇದ್ದರೂ ಅವು ಒಂದೇ ಕ್ರಿಯೆಯಲ್ಲ.

*ಎಚ್ಚರದಿಂದ ಹತ್ತಿ ಇಳಿಯುವುದು*

ಸತಿಪಟ್ಠಾನದಲ್ಲಿ ಒಂದು ಭಾಗ ಮೈಯ ಚಲನೆಯ ಬಗ್ಗೆಯೇ ಇದೆ. ಮುಂದೆ ಹೋಗುವಾಗ, ಹಿಂದೆ ಬರುವಾಗ, ಕೈಕಾಲು ಮಡಚುವಾಗ, ಚಾಚುವಾಗ ತಿಳಿದು ಮಾಡು ಎನ್ನುವ ಬೋಧನೆ. ನಾವು ಅದನ್ನು ಕಣ್ಣು ಮುಚ್ಚಿ ಕೂತಾಗಿನ ವಿಷಯ ಎಂದುಕೊಳ್ಳುತ್ತೇವೆ. ಗಾಡಿಯಿಂದ ಇಳಿಯುವ ಅರ್ಧ ನಿಮಿಷವೂ ಅದರೊಳಗೇ ಬರುತ್ತದೆ. ನಾನು ಈಗ ಮಾಡುವ ಕ್ರಮ ಇದು. ನಿಮ್ಮ ಮನೆಯ ಹಿರಿಯರಿಗೆ ಉಪಯೋಗವಾದೀತು.

1. ಮೊದಲು ನೆಲ ನೋಡುವುದು. ಮೆತ್ತಗಿನ ಮಣ್ಣು, ಸಡಿಲ ಜಲ್ಲಿ, ಇಳಿಜಾರು ಬೇಡ. ಮಳೆಗಾಲದಲ್ಲಿ ಸ್ಟ್ಯಾಂಡಿನ ಕೆಳಗೆ ಇಡಲು ಚೀಲದಲ್ಲಿ ಒಂದು ಚಪ್ಪಟೆ ಹಲಗೆ ತುಂಡು ಇರಲಿ.

2. ಹಿಂದೆ ಕೂರುವವರು ಕೊನೆಗೆ ಹತ್ತಬೇಕು, ಮೊದಲು ಇಳಿಯಬೇಕು. ಆಗ ಓಡಿಸುವವನ ಎರಡೂ ಕಾಲು ನೆಲದಲ್ಲಿ, ಕೈ ಮುಂದಿನ ಬ್ರೇಕಿನ ಮೇಲೆ. "ಇಳೀತೆ", "ಇಳಿ" ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕು.

3. ಇಂಜಿನ್ ನಿಲ್ಲಿಸಿ ಮೊದಲ ಗೇರಿನಲ್ಲೇ ಬಿಟ್ಟರೆ ಗಾಡಿ ಉರುಳುವುದಿಲ್ಲ. ಸೈಡ್ ಸ್ಟ್ಯಾಂಡನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಗಾಡಿಯ ಭಾರ ಸ್ಟ್ಯಾಂಡಿನ ಮೇಲೆ ಕೂತಿದೆ ಎಂದು ಖಾತ್ರಿ ಮಾಡಿಕೊಳ್ಳಿ.

4. ದೂರದಿಂದ ಬಂದರೆ ಕೂಡಲೇ ಕಾಲೆತ್ತಬೇಡಿ. ಒಂದು ನಿಮಿಷ ಕೂತಲ್ಲೇ ಪಾದ, ಮಂಡಿ ಆಡಿಸಿ. ಮೂರು ಉಸಿರು ಗಮನಿಸಿ. ಲಾಂಗ್ ರೈಡಿನಲ್ಲಿ ಗಂಟೆಗೊಮ್ಮೆ ನಿಲ್ಲಿಸಿ.

5. ಕಾಲನ್ನು ನೆಟ್ಟಗೆ ಬೀಸಬೇಡಿ. ಮೈ ಮುಂದಕ್ಕೆ ಬಾಗಿಸಿ, ಮಂಡಿ ಮಡಚಿ, ಸೀಟಿನ ಮೇಲೆ ಜಾರಿಸಿ ತನ್ನಿ. ಹಿಂದೆ ಪೆಟ್ಟಿಗೆ, ಚೀಲ ಇದ್ದಷ್ಟೂ ಕಾಲು ಮೇಲೆ ಎತ್ತಬೇಕಾಗುತ್ತದೆ. ನಾನು ಪೆಟ್ಟಿಗೆ ತೆಗೆದುಬಿಟ್ಟೆ.

6. ಸೈಡ್ ಸ್ಟ್ಯಾಂಡಿನಲ್ಲಿ ನಿಂತ ಗಾಡಿಯ ಫುಟ್‌ರೆಸ್ಟ್ ಮೇಲೆ ಪೂರ್ತಿ ಭಾರ ಹಾಕಿ ಹತ್ತಬೇಡಿ. ಮನೆಯ ಮೆಟ್ಟಿಲನ್ನೋ ಗಟ್ಟಿ ಕಲ್ಲನ್ನೋ ಎಡಕ್ಕೆ ಮಾಡಿಕೊಂಡು ಹತ್ತಿ.

7. ಬೀಳಲು ಶುರುವಾದ ಗಾಡಿಯನ್ನು ಹಿಡಿಯಲು ಹೋಗಬೇಡಿ. ಬಿಟ್ಟು ಪಕ್ಕಕ್ಕೆ ಸರಿಯಿರಿ. ಕಬ್ಬಿಣ ರಿಪೇರಿಯಾಗುತ್ತದೆ. ಎತ್ತಲು ಇಬ್ಬರನ್ನು ಕರೆಯಿರಿ.

ಹೊಸದಾಗಿ ಕೊಳ್ಳುವವರು ಸೀಟಿನ ಎತ್ತರ ನೋಡಿ. ಅದೇ ಕಂಪನಿಯ ಮೀಟಿಯರ್ 350ರ ಸೀಟು 765 ಮಿಲಿಮೀಟರ್. ನನ್ನದಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. ಮೂವತ್ತರಲ್ಲಿ ಅದು ಲೆಕ್ಕಕ್ಕಿಲ್ಲ. ಅರವತ್ತರ ಮೇಲೆ ಅದೇ ಬಹಳ.

ಇನ್ನೊಂದು ಮಾತು. ಉಪ್ಪು ಹೊತ್ತವರು, ಕಲ್ಲು ಒಡೆದವರು, ಗದ್ದೆಯಲ್ಲಿ ಬಾಗಿ ಬಾಗಿ ನೆಟ್ಟವರು ನಮ್ಮ ಹಿರಿಯರು. ಅವರ ಮಂಡಿ, ಸೊಂಟ ಕುರ್ಚಿಯಲ್ಲಿ ಕೂತವರದಕ್ಕಿಂತ ಬೇಗ ಸವೆದಿರುತ್ತವೆ. ನೋವನ್ನು ವಿಧಿ ಎನ್ನುವುದು ನಮ್ಮ ಧಮ್ಮದಲ್ಲಿಲ್ಲ. ದುಃಖಕ್ಕೆ ಕಾರಣ ಇದೆ, ಕಾರಣಕ್ಕೆ ಪರಿಹಾರ ಇದೆ. ಎಣ್ಣೆ ಹಚ್ಚಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ನನಗೆ ಹೇಳಿಕೊಟ್ಟ ವ್ಯಾಯಾಮ ದಿನಕ್ಕೆ ಹದಿನೈದು ನಿಮಿಷದ್ದು. ಸೊಂಟ ಪೂರ್ತಿ ಸರಿಯಾಗಿಲ್ಲ, ಆದರೆ ಬೂಟು ಈಗ ಸೀಟು ದಾಟುತ್ತದೆ.

*ಎರಡನೆಯ ಕೀ*

ಹಾಗಾದರೆ ಗಾಡಿ ಬಿಟ್ಟೆನೇ? ಇನ್ನೂ ಇಲ್ಲ. ಒಬ್ಬನೇ ಹೋಗುತ್ತೇನೆ, ಮಳೆ ಇಲ್ಲದಾಗ ಮಾತ್ರ. ಹೆಂಡತಿ ಸಭೆಗೆ ಬಸ್ಸಿನಲ್ಲಿ ಬರುತ್ತಾಳೆ, ಎಷ್ಟೋ ಸಲ ನಾನೂ ಅವಳ ಜೊತೆ ಬಸ್ಸಿಗೇ ಬರುತ್ತೇನೆ. ಪ್ರತಿ ತಿಂಗಳ ಮೊದಲ ದಿನ ಅಂಗಳದಲ್ಲಿ ಮಗಳ ಎದುರು ಹತ್ತು ಸಲ ಹತ್ತಿ ಇಳಿಯುತ್ತೇನೆ. ಗಾಡಿಯ ಎರಡೂ ಕೀ ಅವಳ ಹತ್ತಿರ ಇವೆ. ಅವಳು ಯಾವತ್ತು "ಸಾಕು ಅಪ್ಪ" ಎನ್ನುತ್ತಾಳೋ ಅವತ್ತಿನಿಂದ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಈಗ ಅದನ್ನು ನಿಮ್ಮೆಲ್ಲರೆದುರು ಬರೆದೂ ಆಯಿತು.

ಅವತ್ತು ಎತ್ತಲು ಬಂದ ಹುಡುಗ ಈ ಗುಂಪಿನಲ್ಲೇ ಇದ್ದಾನೆ. ತಮ್ಮಾ, ನಿನ್ನ ಮೇಲೆ ಕೂಗಿದ್ದು ನನ್ನ ತಪ್ಪು. ನೀನು ಸರಿಯಾದದ್ದನ್ನೇ ಮಾಡಿದೆ.

ಹೋದ ತಿಂಗಳು ಊರಿನ ಹಳೆಯ ದಾರಿಯಲ್ಲಿ ಹೋಗುತ್ತಿದ್ದೆ. ಆ ದೊಡ್ಡ ಮನೆಯ ಹೆಂಚು ಅರ್ಧ ಉದುರಿದೆ. ಎದುರಿಗೆ ಯಾರೋ ಚಹಾ ಅಂಗಡಿ ಹಾಕಿದ್ದಾರೆ. ಸೊಂಟ ಹಿಡಿದಿತ್ತು. 1989ರಿಂದ ಈವರೆಗೆ ನಾನು ಅಲ್ಲಿ ಒಮ್ಮೆಯೂ ಗಾಡಿ ನಿಲ್ಲಿಸಿದವನಲ್ಲ. ನಿಲ್ಲಿಸಿದೆ. ನೆಲ ನೋಡಿದೆ, ಸ್ಟ್ಯಾಂಡ್ ಹಾಕಿದೆ, ಮೂರು ಉಸಿರು ಎಣಿಸಿದೆ, ಮಂಡಿ ಮಡಚಿ ನಿಧಾನಕ್ಕೆ ಇಳಿದೆ. ಯಾರೂ ಇಳಿ ಎನ್ನಲಿಲ್ಲ. ತಲೆಯ ಮೇಲಿನ ಹೆಲ್ಮೆಟ್ ತೆಗೆದದ್ದು ಚಹಾ ಕುಡಿಯಲು. ಕುಡಿದು, ದುಡ್ಡು ಕೊಟ್ಟು, ಮತ್ತೆ ಹತ್ತಿ ಮನೆಗೆ ಬಂದೆ. ಅಪ್ಪ ಇದ್ದಿದ್ದರೆ ಅವನಿಗೂ ಒಂದು ಲೋಟ ಕೊಡಿಸಬಹುದಿತ್ತು ಎನ್ನಿಸಿತು.

*ಇಂದಿನ ಅಭ್ಯಾಸ:* ಗಾಡಿ ಇರಲಿ, ಬಸ್ಸಿನ ಮೆಟ್ಟಿಲಿರಲಿ, ಮಂಚವಿರಲಿ, ಇವತ್ತು ಹತ್ತುವಾಗ ಇಳಿಯುವಾಗ ಪ್ರತಿ ಸಲ ಒಂದು ಉಸಿರು ನಿಂತು, ತಿಳಿದು ಮಾಡಿ.

*ಹಿರಿಯರಿಗೆ ಪ್ರಶ್ನೆ:* ಯಾವ ನೋವನ್ನು "ಏನಿಲ್ಲ" ಎಂದು ಮನೆಯವರಿಂದ ಮುಚ್ಚಿಟ್ಟಿದ್ದೀರಿ? ಇವತ್ತು ಒಬ್ಬರಿಗೆ ಹೇಳಿ.

*ಕಿರಿಯರಿಗೆ ಪ್ರಶ್ನೆ:* ಆನಂದ ತನ್ನ ಗುರುವಿಗೆ ಹೇಳಿದಂತೆ, ಕೈಕಾಲು ತಿಕ್ಕುತ್ತಾ, ಪ್ರೀತಿಯಿಂದ, ನಿಜವನ್ನು ಯಾರಿಗೆ ಹೇಳಬೇಕಾಗಿದೆ?

ಭಾನುವಾರ ಸಿಗೋಣ. ಓದಿದ ಮೇಲೆ ಓದಲು ಬಾರದ ಹಿರಿಯರಿಗೂ ಓದಿ ಹೇಳಿ, ನಿಮ್ಮ ಬೇರೆ ಗುಂಪುಗಳಿಗೂ ಕಳಿಸಿ.

ನಮೋ ಬುದ್ಧಾಯ. ಜೈ ಭೀಮ್ 🙏